ಕುಡಿಯದೇ ಬಿಟ್ಟ ಕುಡಿತ

ನಾನು ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಆದರೂ ಮನೆದೇವರ ಎದುರು ನಿಂತು, ಪೂಜಾರಿ ಹೇಳಿಕೊಟ್ಟ ಹಾಗೆ, ಇನ್ನು ಮೇಲೆ ಕುಡಿಯುವುದಿಲ್ಲ ಎಂದು ಆಣೆ ಮಾಡಿದ್ದೇನೆ. ನಗುವವರು ನಗಬಹುದು. ನನಗೂ ಒಮ್ಮೊಮ್ಮೆ ನಗು ಬರುತ್ತದೆ, ಆದರೆ ಈಗ ಅದು ನನ್ನ ಮುಖದ ಮೇಲೆ ಕಾಣುವುದಿಲ್ಲ. ಅದೂ ಈ ಕಾಯಿಲೆಯದೇ ಕೆಲಸ. ಇದರ ಕಥೆ ಹೇಳಬೇಕಾದರೆ ಕುಡಿತದ ಮಾತಿನಿಂದಲೇ ಶುರು ಮಾಡಬೇಕು. ಡಾಕ್ಟರು ಹೆಸರು ಹೇಳುವುದಕ್ಕೆ ಎಷ್ಟೋ ಮೊದಲೇ ಊರಿನವರು ಇದಕ್ಕೆ ಕುಡಿತ ಅಂತ ಹೆಸರಿಟ್ಟು ಮುಗಿಸಿದ್ದರು.

ತಿಪಟೂರಿನ ಕೊಬ್ಬರಿ ಪೇಟೆಯಲ್ಲಿ ನನ್ನನ್ನು ಫುಟ್‌ಬಾಲ್ ಮಲ್ಲಣ್ಣ ಅಂತಲೇ ಕರೆಯುವುದು. ಹುಟ್ಟೂರು ತುರುವೇಕೆರೆ ಪಕ್ಕದ ಹಳ್ಳಿ. ನಮ್ಮ ಕಡೆಯ ಹುಡುಗರೆಲ್ಲ ಕಬಡ್ಡಿ, ವಾಲಿಬಾಲ್ ಆಡಿಕೊಂಡಿದ್ದರೆ, ಬೆಂಗಳೂರಿನ ಹಾಸ್ಟೆಲಿನಲ್ಲಿ ಓದಲು ಹೋದ ನನ್ನ ಕಾಲಿಗೆ ಫುಟ್‌ಬಾಲ್ ಸಿಕ್ಕಿತು. ಎತ್ತರ ಇದ್ದೆ, ಮೈಯಲ್ಲಿ ಕಸುವಿತ್ತು. ಒಂದು ಕಾರ್ಖಾನೆಯವರು ಕೆಲಸ ಕೊಟ್ಟು ತಮ್ಮ ತಂಡದಲ್ಲಿ ಡಿಫೆಂಡರ್ ಮಾಡಿಕೊಂಡರು. ರಾಜ್ಯ ತಂಡಕ್ಕೂ ಆಡಿದೆ. ಗೋಲು ಹೊಡೆದವನ ಫೋಟೊ ಪೇಪರಿನಲ್ಲಿ ಬರುತ್ತದೆ. ಡಿಫೆಂಡರನ ಹೆಸರು ಬರುವುದು ಅವನು ಎಡವಿದ ದಿನ ಮಾತ್ರ. ನನಗೇನೂ ಅದರ ಬೇಜಾರಿರಲಿಲ್ಲ. ಎದುರಿನಿಂದ ನುಗ್ಗಿ ಬರುವವನ ಚೆಂಡು ನೋಡಬೇಡ, ಸೊಂಟ ನೋಡು ಅನ್ನುತ್ತಿದ್ದರು ನಮ್ಮ ಕೋಚ್. ಕಾಲು ಎಷ್ಟು ಬೇಕಾದರೂ ನಾಟಕ ಆಡುತ್ತದೆ, ಸೊಂಟ ಮಾತ್ರ ಹೋಗುವ ಕಡೆಗೇ ತಿರುಗುತ್ತದೆ. ಈ ಒಂದು ವಿದ್ಯೆ ಹಿಡಿದುಕೊಂಡು ನನ್ನ ಯೌವನವೆಲ್ಲ ಕಳೆದೆ.

ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟೆ. ಆಟ ಬಿಟ್ಟವನಿಗೆ ಕಾರ್ಖಾನೆಯ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಹಿಡಿಸಲಿಲ್ಲ. ಊರಿಗೆ ಬಂದು ತಿಪಟೂರಿನಲ್ಲಿ ಮನೆ ಮಾಡಿ ಕೊಬ್ಬರಿ ವ್ಯಾಪಾರಕ್ಕೆ ಇಳಿದೆ. ನಮ್ಮ ಸೀಮೆಯಲ್ಲಿ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರವಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ನೋಡಲು ಎಲ್ಲವನ್ನೂ ಒಡೆಯಲಾಗುತ್ತದೆಯೇ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಲೊಡಲೊಡ ಅಂದರೆ ಕೊಬ್ಬರಿ ಆಗಿದೆ ಎಂದರ್ಥ. ನಾನು ರೈತರ ಮನೆಗೇ ಹೋಗಿ, ಅಟ್ಟ ಹತ್ತಿ, ಮೂಲೆಮೂಲೆಯಿಂದ ಕಾಯಿ ಎತ್ತಿ ಅಲ್ಲಾಡಿಸಿ ನೋಡಿ, ಕೆಳಗಿಳಿದು ರೇಟು ಹೇಳುತ್ತಿದ್ದೆ. ಯಾರೂ ಎದುರಾಡುತ್ತಿರಲಿಲ್ಲ. ಉತ್ತರ ಭಾರತದ ವ್ಯಾಪಾರಿಗಳೂ ಅಷ್ಟೇ, ಫೋನಿನಲ್ಲಿ ನನ್ನ ಮಾತು ಕೇಳಿ ಲಾರಿ ಕಳಿಸುತ್ತಿದ್ದರು. ಫುಟ್‌ಬಾಲ್ ಮಲ್ಲಣ್ಣ ಹೇಳಿದ ಮೇಲೆ ಮುಗೀತು ಅನ್ನುವ ಹೆಸರಿತ್ತು. ಆ ಹೆಸರೇ ನನ್ನ ಅಂಗಡಿ, ನನ್ನ ಬಂಡವಾಳ, ಎಲ್ಲ.

ಸಂಪಿಗೆ ಊರಿನ ಕಡೆಯ ರೇವಣ್ಣ ನನ್ನ ವಾರಗೆಯವನು, ಬಹಳ ಕಾಲದಿಂದ ನನಗೇ ಕಾಯಿ ಕೊಡುತ್ತಿದ್ದವನು. ಅವನ ಮನೆಯ ಅಟ್ಟದ ಮೇಲೆ ಒಂದು ಬೆಳಿಗ್ಗೆ ಎಡಗೈಯಲ್ಲಿ ಕಾಯಿ ಹಿಡಿದುಕೊಂಡು, ಬಲಗೈಯಿಂದ ಇನ್ನೊಂದನ್ನು ಎತ್ತಲು ಬಗ್ಗಿದ್ದೆ. ಲೊಡಲೊಡ ಸದ್ದಾಯಿತು. ಇಲಿ ಇರಬೇಕು ಅಂದುಕೊಂಡೆ. ನೋಡಿದರೆ ಸದ್ದು ಬರುತ್ತಿದ್ದುದು ನನ್ನ ಎಡಗೈಯಲ್ಲಿದ್ದ ಕಾಯಿಯಿಂದ. ನಾನು ಅಲ್ಲಾಡಿಸಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಅಲ್ಲಾಡಿಸುತ್ತಿತ್ತು. ಬಿಗಿಯಾಗಿ ಹಿಡಿದೆ, ಸದ್ದು ಇನ್ನೂ ಜೋರಾಯಿತು. ಕಾಯಿ ಕೆಳಗಿಟ್ಟು ಏಣಿ ಇಳಿಯುವಾಗ ಎಡಗಾಲು ಮೆಟ್ಟಿಲು ತಪ್ಪಿತು. ಏಣಿ ಹಿಡಿದು ನಿಂತಿದ್ದ ರೇವಣ್ಣ ನನ್ನನ್ನು ತಬ್ಬಿ ಹಿಡಿದುಕೊಂಡ. ಕೈ ನೋಡಿದ, ಕಾಲು ನೋಡಿದ.

"ಏನ್ಲಾ ಮಲ್ಲ, ಬೆಳಿಗ್ಗೆಬೆಳಿಗ್ಗೆನೇ ಹಾಕ್ಕಂಡ್ ಬಂದೀಯಾ?" ಅಂದ.

ತಮಾಷೆಗೇ ಅಂದದ್ದು. ನಾನೂ ನಕ್ಕೆ. ಆ ತಮಾಷೆ ರೇವಣ್ಣನ ಮನೆಯಿಂದ ಪಕ್ಕದ ಮನೆಗೆ, ಅಲ್ಲಿಂದ ಸಂತೆಗೆ, ಸಂತೆಯಿಂದ ಪೇಟೆಗೆ ಬರುವಷ್ಟರಲ್ಲಿ ತಮಾಷೆಯಾಗಿ ಉಳಿದಿರಲಿಲ್ಲ. ಬೆಂಗಳೂರಿನಲ್ಲಿ ಆಟ ಆಡಿ ಬಂದವನು, ಅಲ್ಲಿ ಗೆದ್ದರೂ ಕುಡಿಯುತ್ತಾರೆ ಸೋತರೂ ಕುಡಿಯುತ್ತಾರೆ, ಇಷ್ಟು ದಿನ ಮುಚ್ಚಿಟ್ಟಿದ್ದ, ಈಗ ಬಯಲಾಯಿತು ಅಂತ ಆಡಿಕೊಂಡರು. ಅವರನ್ನಾದರೂ ಹೇಗೆ ಬೈಯಲಿ? ನನ್ನ ದನಿ ತಗ್ಗಿತ್ತು, ಮಾತು ತೊದಲುತ್ತಿತ್ತು. ಎಡಗಾಲು ನೆಲ ಸವರುತ್ತಿತ್ತು. ಟೀ ಲೋಟ ತುಟಿಗೆ ಬರುವ ಮೊದಲೇ ಅರ್ಧ ಅಂಗಿಯ ಮೇಲಿರುತ್ತಿತ್ತು. ಕುಡುಕನ ಲಕ್ಷಣ ಯಾವುದು ಬಾಕಿ ಇತ್ತು ಹೇಳಿ. ಊರಿನ ಡಾಕ್ಟರೊಬ್ಬರ ಬಳಿ ಹೋದೆ. ಅವರು ನಿಶ್ಶಕ್ತಿ ಅಂದು ಸೂಜಿ ಚುಚ್ಚಿ, ಕಳಿಸುವಾಗ ದನಿ ಇಳಿಸಿ, ಸ್ವಲ್ಪ ಕಡಿಮೆ ಮಾಡಿ ಅಂದರು.

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಸಾರಾಯಿ ಅಂಗಡಿಯ ಮುಂದೆ ಹಾದುಹೋಗಲೂ ಹೇಸುವ ಜನ. ನನ್ನ ಹೆಂಡತಿ ಗಿರಿಜಾ ನೇರವಾಗಿ ಏನೂ ಕೇಳಲಿಲ್ಲ. ಸಂಜೆ ಬಾಗಿಲಲ್ಲೇ ನನ್ನ ಹೆಗಲ ಟವೆಲ್ ತೆಗೆಯುವ ನೆಪದಲ್ಲಿ ಹತ್ತಿರ ಬಂದು ಮೂಸುತ್ತಿದ್ದಳು. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಹೆಂಡತಿ ಗಂಡನ ಬಾಯಿ ಮೂಸುವುದಿದೆಯಲ್ಲ, ಆ ಅವಮಾನ ನನ್ನ ಶತ್ರುವಿಗೂ ಬೇಡ. ವಾಸನೆ ಸಿಗದಿದ್ದಾಗ ಅವಳಿಗೆ ಸಮಾಧಾನವಾಗಲಿಲ್ಲ, ಏಲಕ್ಕಿ ಅಗಿದು ಬಂದಿದ್ದಾರೆ ಅಂದುಕೊಂಡಳು. ಕುಡಿಯುವುದಿಲ್ಲ ಕಣೇ ಅಂದರೆ, ಕುಡಿಯುವವರೆಲ್ಲ ಅನ್ನುವುದೇ ಹಾಗೆ ಅನ್ನುತ್ತಿದ್ದಳು.

ಕೊನೆಗೆ ಅವ್ವ ಮಾತು ತೆಗೆದಳು. ಅವ್ವ ನಮ್ಮ ಜೊತೆಯಲ್ಲೇ ಇರುವುದು. ಬೈಯಲಿಲ್ಲ, ಅಳಲಿಲ್ಲ.

"ನನ್ ಮಣ್ಣು ಮಾಡೋವಾಗ ನಿನ್ ಕೈ ನೆಟ್ಟಗಿರಬೇಕು ಕಣಪ್ಪ. ನಡಿ, ದೇವರ ತಾವ ಹೋಗ್ಬರಾನ," ಅಂದಳು.

ನಮ್ಮ ಕಡೆ ಕುಡುಕರನ್ನು ಮನೆದೇವರ ಹತ್ತಿರ ಕರೆದೊಯ್ದು ಆಣೆ ಮಾಡಿಸುವುದು ಹೊಸದೇನಲ್ಲ. ಎಷ್ಟೋ ಜನ ಬಿಟ್ಟಿದ್ದಾರೆ ಕೂಡ. ನಾನು ಯಾಕೆ ಒಪ್ಪಿದೆ ಅಂತ ಆಮೇಲೆ ಮಗಳು ಕೇಳಿದಳು. ಇಲ್ಲ ಇಲ್ಲ ಅಂದು ಅಂದು ನನಗೆ ಸಾಕಾಗಿಹೋಗಿತ್ತು. ನಿಜ ಹೇಳಬೇಕೆಂದರೆ ಒಳಗೊಳಗೇ ಒಂದು ಆಸೆಯೂ ಇತ್ತು. ಆಣೆ ಮಾಡಿದರೆ ನಿಲ್ಲುವಂಥ ನಡುಕವೇ ಇದಾಗಿದ್ದರೆ ನಿಂತುಬಿಡಲಿ, ಕುಡುಕ ಅನ್ನಿಸಿಕೊಂಡೇ ವಾಸಿಯಾಗುತ್ತೇನೆ ಅಂತ. ಪೂಜಾರಿ ನನ್ನ ಅಂಗೈಯಲ್ಲಿ ಬಿಲ್ವಪತ್ರೆ ಇಟ್ಟು ತೀರ್ಥ ಬಿಟ್ಟರು. ಕೈ ನಡುಗಿ ತೀರ್ಥ ಚೆಲ್ಲಿತು. ಅಲ್ಲಿದ್ದವರು ಮುಖ ಮುಖ ನೋಡಿಕೊಂಡರು. ನಾನು ಕಣ್ಣು ಮುಚ್ಚಿ, ಮುಟ್ಟಿಯೇ ಇರದ ಹೆಂಡವನ್ನು ಬಿಟ್ಟೆ.

ಸೋಜಿಗವೆಂದರೆ ಕೆಲವು ದಿನ ಕೈ ಸ್ವಲ್ಪ ಸುಮ್ಮನಿತ್ತು. ಅವ್ವ ಬೀದಿಯಲ್ಲಿ ಸಿಕ್ಕವರಿಗೆಲ್ಲ ಬುಟ್ಟ ಕಣ್ರೀ, ನನ್ ಮಗ ಬುಟ್ಟ ಅಂತ ಹೇಳಿಕೊಂಡು ಓಡಾಡಿದಳು. ಅವಳ ಖುಷಿ ನೋಡಿ ನನಗೂ ಒಂದು ನಮೂನೆ ನಂಬಿಕೆ ಬಂದಿತ್ತು. ಆಮೇಲೆ ತುರುವೇಕೆರೆಯಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಹಿರಿಯರು ಅಂತ ನನ್ನ ಕೈಗೆ ತಾಂಬೂಲದ ತಟ್ಟೆ ಕೊಟ್ಟರು. ನಾಲ್ಕು ಜನರ ಎದುರು ತಟ್ಟೆ ತಕತಕ ಕುಣಿದು ವೀಳ್ಯದೆಲೆ, ಅಡಿಕೆ ಎಲ್ಲ ಹೊಸ ಮನೆಯ ನೆಲದ ಮೇಲೆ ಚೆಲ್ಲಾಡಿತು. ಅವ್ವ ಅಲ್ಲೇ ಇದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಇಷ್ಟು ದಿನ ಬರೀ ಕುಡುಕನಾಗಿದ್ದವನು ಈಗ ದೇವರ ಆಣೆ ಮುರಿದ ಕುಡುಕನಾದೆ. ದೇವರಿಗೇ ಮಾತು ತಪ್ಪಿದವನು ನಮಗೆ ಹೇಳಿದ ರೇಟಿಗೆ ನಿಲ್ಲುತ್ತಾನೆಯೇ ಅಂತ ರೈತರು ಹಿಂದೆ ಸರಿದರು. ಬಾಯಿ ಬಿಟ್ಟು ಹೇಳಲಿಲ್ಲ, ನಮ್ಮ ಜನ ಅಷ್ಟು ಒರಟರಲ್ಲ. ಈ ಸಲ ಬೇರೆಯವರಿಗೆ ಮಾತು ಕೊಟ್ಟಾಗಿದೆ ಮಲ್ಲಣ್ಣ ಅನ್ನುತ್ತಿದ್ದರು. ಜಗಲಿಯ ಮೇಲೆ ಕೂರಿಸಿ ನೀರು, ಬೆಲ್ಲ ಕೊಟ್ಟು ಕಳಿಸುತ್ತಿದ್ದರು. ಅಟ್ಟದ ತುಂಬ ಕಾಯಿ ಇರುವುದು ಕೂತಲ್ಲಿಂದಲೇ ನನಗೆ ಕಾಣುತ್ತಿತ್ತು.

ನನ್ನ ಮಗಳು ಚೈತ್ರಾ ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಒಂದು ಸಂಜೆ ಬಸ್ಸಿಳಿದವಳು ನನ್ನ ಹಿಂದೆಯೇ ನಡೆದು ಬಂದಿದ್ದಾಳೆ, ನನಗೆ ಗೊತ್ತಿಲ್ಲ. ಮನೆಗೆ ಬಂದ ಮೇಲೆ, ಅಪ್ಪ, ನಡೆಯುವಾಗ ನಿನ್ನ ಬಲಗೈ ಮಾತ್ರ ಬೀಸುತ್ತದೆ, ಎಡಗೈ ಮೈಗೆ ಅಂಟಿಕೊಂಡೇ ಇರುತ್ತದೆ, ಕುಡಿದವರು ಹೀಗೆ ನಡೆಯುವುದಿಲ್ಲ ಅಂದಳು. ನಮ್ಮ ಮನೆಯಲ್ಲಿ ನನ್ನನ್ನು ನಂಬಿದ ಮೊದಲ ಮಾತು ಅದು. ಬಚ್ಚಲಿಗೆ ಹೋಗಿ ಅತ್ತೆ. ಆ ವಾರವೇ ರಜೆ ಹಾಕಿ ಬೆಂಗಳೂರಿನ ನರರೋಗದ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಆಸ್ಪತ್ರೆಯ ಹಜಾರದಲ್ಲಿ ಕಾಯುವವರ ಬೆಂಚುಗಳ ಮೇಲೆ ನನ್ನಂಥವರೇ ತುಂಬಿದ್ದರು. ಒಬ್ಬರ ಗದ್ದ ಆಡುತ್ತಿತ್ತು, ಒಬ್ಬರ ಹೆಬ್ಬೆರಳು ಬೀಡಿ ಸುತ್ತುವ ಹಾಗೆ ತಿರುಗುತ್ತಲೇ ಇತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬುತ್ತಿಯ ಡಬ್ಬಿ ಬಿಚ್ಚಲಾರದೆ ನನ್ನ ಕಡೆ ನೀಡಿದರು. ನನಗೂ ಆಗಲಿಲ್ಲ. ಇಬ್ಬರೂ ಸೇರಿ, ಅವರು ಡಬ್ಬಿ ಹಿಡಿದು ನಾನು ಮುಚ್ಚಳ ತಿರುಗಿಸಿ, ಅಂತೂ ತೆಗೆದೆವು. ಅರ್ಧ ರೊಟ್ಟಿ ಮುರಿದು ಕೊಟ್ಟರು, ಚಟ್ನಿಯಲ್ಲಿ ನಮ್ಮ ಕೊಬ್ಬರಿಯೇ ಇತ್ತು. ಎಷ್ಟೋ ದಿನಗಳ ಮೇಲೆ ಯಾರೂ ನನ್ನ ಕೈ ನೋಡದ ಜಾಗದಲ್ಲಿ ಕೂತು ತಿಂದೆ. ಈ ಕಾಯಿಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಹೇಳುತ್ತೇನೆ, ಆ ಬೆಂಚಿಗೆ ಹೆದರಿಕೊಂಡು ದೂರ ಉಳಿಯಬೇಡಿ. ನನಗೆ ನೆಮ್ಮದಿ ಸಿಕ್ಕಿದ್ದು ಅಲ್ಲೊಂದು ಕಡೆಯೇ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಬೆರಳು ತಟ್ಟಿಸಿದರು, ನಡೆಸಿದರು, ಹಿಂದಿನಿಂದ ಎಳೆದು ಬೀಳುತ್ತೇನೋ ಅಂತ ನೋಡಿದರು. ಮೈದಾನದಲ್ಲಿ ಎಂಥೆಂಥವರು ಗುದ್ದಿದರೂ ಅಲುಗದೆ ನಿಂತವನು ಆ ಹೆಣ್ಣುಮಗಳು ಭುಜ ಹಿಡಿದು ಮೆಲ್ಲಗೆ ಎಳೆದದ್ದಕ್ಕೆ ಹಿಂದಕ್ಕೆ ವಾಲಿದೆ. ವಾಸನೆ ಗೊತ್ತಾಗುತ್ತದೆಯೇ ಅಂತ ಕೇಳಿದರು. ಕೊಬ್ಬರಿಯ ವಾಸನೆ ಹೋಗಿ ವರ್ಷಗಳೇ ಆಗಿದ್ದವು, ದಿನಾ ಅದರಲ್ಲೇ ಇದ್ದು ಮೂಗು ಸತ್ತಿದೆ ಅಂದುಕೊಂಡಿದ್ದೆ. ಅದೂ ಇದರದ್ದೇ ಲಕ್ಷಣವಂತೆ. ಹೆಸರು ಪಾರ್ಕಿನ್ಸನ್. ತಲೆಯಿಂದ ಚೆಂಡು ಹೊಡೆದು ಹೊಡೆದು ಬಂತೇ ಅಂತ ಕೇಳಿದೆ. ಮಳೆಯಲ್ಲಿ ನೆಂದು ಕಲ್ಲಾದ ಚೆಂಡಿಗೂ ತಲೆ ಕೊಟ್ಟವನು ನಾನು. ನಿಮ್ಮೊಬ್ಬರ ವಿಷಯದಲ್ಲಿ ಹಾಗೆ ಹೇಳಲಾಗುವುದಿಲ್ಲ, ಯಾಕೆ ಬಂತು ಅಂತ ಬಹಳ ಜನಕ್ಕೆ ಗೊತ್ತಾಗುವುದೇ ಇಲ್ಲ ಅಂದರು. ಕುಡಿತದಿಂದ ಅಲ್ಲ ತಾನೇ ಅಂತ ಮತ್ತೆ ಕೇಳಿದೆ. ಕುಡಿಯುವುದಿಲ್ಲ ಅಂತ ನೀವೇ ಹೇಳಿದಿರಲ್ಲ ಅಂದರು. ಅಷ್ಟು ಸಲೀಸಾಗಿ ನಂಬಿಬಿಟ್ಟರು.

ನಂಬಿ, ನಂಬದಿರಿ, ಆಸ್ಪತ್ರೆಯಿಂದ ಹೊರಗೆ ಬರುವಾಗ ನನಗೆ ಖುಷಿಯಾಗಿತ್ತು. ನನ್ನ ಹೆಸರು ನನಗೆ ವಾಪಸ್ ಬಂತು ಅನ್ನುವ ಖುಷಿ. ರೇವಣ್ಣನಿಗೆ ಏನು ಹೇಳಬೇಕು, ಗಿರಿಜಾಳನ್ನು ಹೇಗೆ ಬೈಯಬೇಕು ಅಂತೆಲ್ಲ ರೈಲಿನಲ್ಲಿ ಲೆಕ್ಕ ಹಾಕುತ್ತಾ ಕೂತಿದ್ದೆ. ಗುಬ್ಬಿ ದಾಟಿದ ಮೇಲೆ ಚೈತ್ರಾಳ ಕಡೆ ತಿರುಗಿದರೆ ಅವಳು ಕಿಟಕಿಗೆ ಮುಖ ಕೊಟ್ಟು ಅಳುತ್ತಿದ್ದಳು. ಆಗ ಡಾಕ್ಟರಮ್ಮ ಹೇಳಿದ ಮಿಕ್ಕ ಮಾತುಗಳು ಒಂದೊಂದಾಗಿ ನನ್ನ ಕಿವಿಗೆ ಬಿದ್ದವು. ವಾಸಿಯಾಗುವುದಿಲ್ಲ. ಮಾತ್ರೆ ಇರುವಷ್ಟು ಹೊತ್ತು ಕೈಕಾಲು ಮಾತು ಕೇಳುತ್ತವೆ. ವರ್ಷ ಕಳೆದ ಹಾಗೆ ಹೆಚ್ಚುತ್ತಾ ಹೋಗುತ್ತದೆ.

ಮನೆಯಲ್ಲಿ ಹೇಳಿದೆವು. ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅವತ್ತಿನಿಂದ ಅವಳು ನನ್ನ ಹತ್ತಿರ ಬಂದು ಮೂಸಿಲ್ಲ. ಅವ್ವನ ಯೋಚನೆ ಮಾತ್ರ ಬೇರೆ ಕಡೆ ಹೋಯಿತು. ಆಗ ಹುಳಿಯಾರಿನ ಒಂದು ಮನೆಯಿಂದ ಚೈತ್ರಾಳಿಗೆ ಸಂಬಂಧ ಕೂಡಿಬರುವ ಹಾಗಿತ್ತು. ಒಳ್ಳೆಯ ಮನೆತನ, ಹುಡುಗ ಮೃದು, ಚೈತ್ರಾಳಿಗೂ ಮನಸ್ಸಿತ್ತು. ಅವರಿಗೆ ನನ್ನ ಕುಡಿತದ ಸುದ್ದಿ ಮುಟ್ಟಿತ್ತು, ಆದರೂ ಬರುತ್ತೇವೆ ಅಂದಿದ್ದರು.

"ನರದ ಕಾಯ್ಲೆ ಅಂತ ಯಾರ್ ಕಿವಿಗೂ ಹಾಕ್‌ಬ್ಯಾಡ," ಅಂದಳು ಅವ್ವ. "ರಕ್ತದಾಗೈತೆ, ಮಗೀಗೂ ಬತ್ತದೆ ಅಂತಾರೆ. ಕುಡೀತಾನೆ ಅಂದ್ಕಳ್ಳಿ ಬುಡು. ಕುಡಿಯೋನ ಮಗಳ್ನ ತರ್ತಾರೆ, ಕಾಯ್ಲೆ ಮನೆ ಹೆಣ್ಣ ಯಾರೂ ತರಲ್ಲ."

ಸಾಮಾನ್ಯವಾಗಿ ಇದು ಮಕ್ಕಳಿಗೆ ಬರುವಂಥದ್ದಲ್ಲ ಅಂತ ಡಾಕ್ಟರಮ್ಮ ಹೇಳಿದ್ದಾರೆ ಅಂದೆ. ಅದನ್ನು ಊರಿಗೆಲ್ಲ ನೀನು ಬಿಡಿಸಿ ಹೇಳುತ್ತೀಯಾ ಅಂದಳು. ಕೋಪ ನೆತ್ತಿಗೇರಿತು. ಸಿಕ್ಕಿದ ಹೆಸರನ್ನು ನಮ್ಮವ್ವನೇ ಮತ್ತೆ ಕಿತ್ತುಕೊಳ್ಳುತ್ತಿದ್ದಾಳಲ್ಲ ಅಂತ. ಆದರೆ ಹೊರಗಿನವರು ಏನು ಯೋಚಿಸುತ್ತಾರೆ ಅನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆಟದಲ್ಲಿ ಒಮ್ಮೊಮ್ಮೆ ಗೋಲು ತಪ್ಪಿಸಲು ಬೇಕೆಂದೇ ಎದುರಾಳಿಯನ್ನು ಕೆಡವಿ ರೆಫರಿಯಿಂದ ಶಿಕ್ಷೆಯ ಕಾರ್ಡು ತೋರಿಸಿಕೊಳ್ಳುತ್ತಿದ್ದೆವು. ಇದೂ ಹಾಗೇ ಅಂತ ಮನಸ್ಸಿಗೆ ಹೇಳಿಕೊಂಡೆ. ಈ ತೀರ್ಮಾನವನ್ನು ಚೈತ್ರಾಳಿಗೆ ನಾವು ತಿಳಿಸಲಿಲ್ಲ.

ಹುಳಿಯಾರಿನವರು ಒಂದು ಭಾನುವಾರ ಬಂದರು. ಹುಡುಗನ ತಂದೆ ನಂಜುಂಡಪ್ಪನವರು ನಮ್ಮ ಪೇಟೆಯಲ್ಲೇ ಕೊಬ್ಬರಿ ಮಂಡಿ ಇಟ್ಟುಕೊಂಡವರು. ಮಾತ್ರೆಯ ಬಲ ಸರಿಯಾಗಿ ಆ ಹೊತ್ತಿಗೇ ಇಳಿಯಿತು. ಕಾಫಿ ಪಂಚೆಯ ಮೇಲೆ ಚೆಲ್ಲಿತು. ನಂಜುಂಡಪ್ಪನವರು ತಮ್ಮ ಟವೆಲನ್ನೇ ಕೊಟ್ಟು, ಮುಜುಗರ ಪಟ್ಟುಕೊಳ್ಳಬೇಡಿ, ನಮಗೆ ಎಲ್ಲ ಗೊತ್ತಿದೆ ಅಂದರು.

"ಹೌದು ಕಣ್ರೀ, ಕುಡೀತಿದ್ದೆ," ಅಂದೆ. "ಈಗ ಬಿಟ್ಟಿದ್ದೀನಿ. ಕೈ ಇನ್ನೂ ಹಿಡಿತಕ್ಕೆ ಬಂದಿಲ್ಲ."

ಒಳ್ಳೆಯ ಮನುಷ್ಯ ಆತ. ಮುಚ್ಚಿಡದೆ ಹೇಳಿದಿರಿ, ಬಿಟ್ಟವನು ದೊಡ್ಡವನು, ನಮ್ಮ ತಮ್ಮನೂ ಹೀಗೇ ಬಿಟ್ಟು ಈಗ ಸೊಗಸಾಗಿದ್ದಾನೆ ಅಂದರು. ಅವ್ವನ ಮುಖ ಅರಳಿತು. ದಿನ ನೋಡುವ ಮಾತಿಗೆ ಬಂದಿದ್ದರು. ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಚೈತ್ರಾ ತಟ್ಟೆಯನ್ನು ಅಲ್ಲೇ ಕೆಳಗಿಟ್ಟಳು.

"ಅಪ್ಪ ಯಾವತ್ತೂ ಕುಡಿದಿಲ್ಲ," ಅಂದಳು. "ಅಪ್ಪನಿಗೆ ಪಾರ್ಕಿನ್ಸನ್ ಅಂತ ನರದ ಕಾಯಿಲೆ ಇದೆ. ದಿನಾ ಮಾತ್ರೆ ಕೊಡೋದು ನಾನೇ."

ಯಾರೂ ಜೋರು ಮಾಡಲಿಲ್ಲ. ನಂಜುಂಡಪ್ಪನವರು ನನ್ನ ಕೈಯನ್ನು ಒಮ್ಮೆ ನೋಡಿದರು, ಮಗನನ್ನು ನೋಡಿದರು. ಉಪ್ಪಿಟ್ಟು ತಿಂದು, ಮನೆಯಲ್ಲಿ ಮಾತಾಡಿಕೊಂಡು ಫೋನ್ ಮಾಡುತ್ತೇವೆ ಅಂದು ಎದ್ದರು. ಹುಡುಗ ಗೇಟಿನ ತನಕ ಹೋದವನು ಒಮ್ಮೆ ತಿರುಗಿ ನೋಡಿದ. ಫೋನ್ ಬರಲಿಲ್ಲ. ಮಗಳನ್ನು ಮೆಚ್ಚಿಕೊಳ್ಳಬೇಕಿತ್ತು ಅಂತ ಈಗ ಎಲ್ಲರೂ ಅನ್ನುತ್ತಾರೆ. ನನಗೆ ಅವತ್ತು ಅವಳ ಮೇಲೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ನನ್ನಿಂದ ತಡೆಯಲು ಆಗಬಹುದಾಗಿದ್ದ ಕೊನೆಯ ಒಂದು ಚೆಂಡನ್ನು ತಡೆದಿದ್ದೆ, ನಮ್ಮ ಹುಡುಗಿಯೇ ಅದನ್ನು ನಮ್ಮ ಗೋಲಿಗೆ ಹೊಡೆದಳು. ಆ ಸಂಜೆ ಅವಳು ಮಾತ್ರೆ, ನೀರು ತಂದು ಪಕ್ಕದಲ್ಲಿಟ್ಟು ನಿಂತಳು. ನಾನು ತಲೆ ಎತ್ತಲಿಲ್ಲ. ಮೊದಲು ನುಂಗಪ್ಪ, ಆಮೇಲೆ ಬೈಯಿ ಅಂದಳು. ನುಂಗಿದೆ. ಬೈಯಲಾಗಲಿಲ್ಲ.

ಅಲ್ಲಿಂದ ಊರಿಗೆಲ್ಲ ಗೊತ್ತಾಯಿತು. ರೇವಣ್ಣ ಬಂದು, ನನ್ ಬಾಯಿಗೆ ಮಣ್ಣಾಕ ಕಣ್ಲಾ, ನನ್ನಿಂದ ಆಯ್ತು ಅಂತ ಕೈ ಹಿಡಿದುಕೊಂಡು ಅತ್ತ. ಹೆಸರು ಪೂರ್ತಿ ವಾಪಸ್ ಬಂದಿದೆ, ಈಗ ಯಾರೂ ನನ್ನನ್ನು ಕುಡುಕ ಅನ್ನುವುದಿಲ್ಲ. ಆದರೆ ಅಟ್ಟಕ್ಕೂ ಕರೆಯುವುದಿಲ್ಲ. ಬಿದ್ದುಗಿದ್ದೀಯ, ಕೂತ್ಕೋ ಅನ್ನುತ್ತಾರೆ. ಮೊದಲು ಹೇಸುತ್ತಿದ್ದರು, ಈಗ ಅಯ್ಯೋ ಪಾಪ ಅನ್ನುತ್ತಾರೆ. ವ್ಯಾಪಾರ ಎರಡರಲ್ಲೂ ನಡೆಯುವುದಿಲ್ಲ. ಉತ್ತರದ ವ್ಯಾಪಾರಿಗಳಿಗೆ ಫೋನಿನಲ್ಲಿ ನನ್ನ ದನಿ ಕೇಳಿಸುವುದೇ ಇಲ್ಲ. ಪೇಟೆಯ ಹೋಟೆಲಿನವನೊಬ್ಬ ಮಾತ್ರ, ನಾನು ಹೇಳದಿದ್ದರೂ, ದೊಡ್ಡ ಲೋಟದಲ್ಲಿ ಅರ್ಧಕ್ಕೆ ಟೀ ತುಂಬಿಸಿ ಕೊಡುತ್ತಾನೆ. ಚೈತ್ರಾಳಿಗೆ ಬೇರೆ ಸಂಬಂಧ ಬಂದಿಲ್ಲ. ಕೇಳಿದರೆ, ಬಂದಾಗ ಬರಲಿ ಬಿಡು ಅನ್ನುತ್ತಾಳೆ. ಹುಳಿಯಾರಿನ ಬಸ್ಸು ಬಂದಾಗ ಅವಳು ನಿಲ್ದಾಣದಲ್ಲಿ ಆ ಕಡೆ ನೋಡುವುದಿಲ್ಲ ಅಂತ ಗಿರಿಜಾ ಹೇಳಿದಳು.

ಬೆಳಗಿನ ಮಾತ್ರೆ ಹಿಡಿಯುವ ತನಕ ನನ್ನ ಬೆರಳುಗಳು ಅಂಗಿಯ ಗುಂಡಿ ಹಾಕಲಾರವು. ಹಾಕುವವಳು ಅವ್ವ. ನನ್ನನ್ನು ಮಂಚದ ಅಂಚಿಗೆ ಕೂರಿಸಿ, ಎದುರು ನಿಂತು, ಕೆಳಗಿನ ಗುಂಡಿಯಿಂದ ಮೇಲಕ್ಕೆ ಹಾಕುತ್ತಾ ಬರುತ್ತಾಳೆ. ಬೆನ್ನು ಬಾಗಿದೆ, ಕಣ್ಣು ಮಂಜಾಗಿದೆ, ಕೈ ಮಾತ್ರ ಕಲ್ಲಿನ ಹಾಗಿದೆ. ಮೊನ್ನೆ ಎದೆಯ ಗುಂಡಿಗೆ ಬಂದು ನಿಲ್ಲಿಸಿದಳು. ಏನವ್ವ ಅಂದೆ.

"ಕುಡಿತವೇ ಆಗಿದ್ದಿದ್ರೆ ಚೆಂದಾಗಿತ್ತು ಕಣಪ್ಪ," ಅಂದಳು. "ಹೆಂಗಾರ ಮಾಡಿ ಬುಡಿಸ್ತಿದ್ದೆ."

ಹೌದವ್ವ ಅಂದೆ. ಅವಳು ಮಿಕ್ಕ ಗುಂಡಿಗಳನ್ನು ಹಾಕಿ, ಕಾಲರ್ ಸರಿಮಾಡಿ, ಮಾತ್ರೆ ತರಲು ಒಳಗೆ ಹೋದಳು.